ಇಬ್ಬರು ಸಾಕ್ಷಿಗಳ ಮಾತು: ಟಾಮ್ ರಾಬಿನ್ಸನ್ ವಿಚಾರಣೆಯೂ ಅಲಬಾಮದ ನ್ಯಾಯಚರಿತ್ರೆಯೂ

ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿ 1960ರ ಜುಲೈ ತಿಂಗಳಲ್ಲಿ ಪ್ರಕಟವಾಯಿತು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ಅಮೆರಿಕದ ದಕ್ಷಿಣ ಸಂಸ್ಥಾನವಾದ ಅಲಬಾಮದಲ್ಲಿ ಮೇಕಂಬ್ ಎಂಬ ಒಂದು ಕಲ್ಪಿತ ಊರು. 1935ರ ಬೇಸಿಗೆ. ಟಾಮ್ ರಾಬಿನ್ಸನ್ ಎಂಬ ಕಪ್ಪುವರ್ಣದ ಕೂಲಿಗಾರನ ಮೇಲೆ ಬಿಳಿಯ ಹೆಂಗಸೊಬ್ಬಳ ಮೇಲೆ ಅತ್ಯಾಚಾರವೆಸಗಿದ ಆರೋಪವಿದೆ. ಅಪರಾಧ ಸಾಬೀತಾದರೆ ಮರಣದಂಡನೆ.

ಆ ವಿಚಾರಣೆಯಲ್ಲಿ ಒಂದು ಕ್ಷಣವನ್ನು ದೈವಜ್ಞಾನದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಸಾಕ್ಷಿಕಟ್ಟೆ ಹತ್ತಿದವನು ಎಡಗೈಯನ್ನು ಸತ್ಯವೇದದ ಮೇಲಿರಿಸಿ ಬಲಗೈಯನ್ನೆತ್ತಿ ಪ್ರಮಾಣ ಮಾಡಬೇಕು. ಟಾಮನ ಎಡಗೈ ಬಾಲ್ಯದಲ್ಲೇ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಲುಕಿ ನಿರುಪಯುಕ್ತವಾಗಿದೆ. ಆತ ಅದನ್ನು ಬಲಗೈಯಿಂದ ಎತ್ತಿ ಗ್ರಂಥದ ಮೇಲಿಡುತ್ತಾನೆ. ಬಲಗೈಯನ್ನೆತ್ತಿದೊಡನೆ ಎಡಗೈ ಗ್ರಂಥದಿಂದ ಜಾರಿ ಗುಮಾಸ್ತನ ಮೇಜಿಗೆ ಬಡಿಯುತ್ತದೆ. ಮತ್ತೊಮ್ಮೆ ಪ್ರಯತ್ನಿಸಹೊರಟ ಅವನನ್ನು ನ್ಯಾಯಾಧೀಶ ಟೇಲರ್ ಅಷ್ಟು ಸಾಕೆಂದು ತಡೆಯುತ್ತಾನೆ. ಆರೋಪಿ ಇನ್ನೂ ಒಂದು ಮಾತನ್ನೂ ಆಡಿಲ್ಲ. ಆದರೆ ಮೊಕದ್ದಮೆಯ ಅತ್ಯಂತ ನಿರ್ಣಾಯಕವಾದ ಸಾಕ್ಷ್ಯವು ಆಗಲೇ ಸತ್ಯವೇದದ ಮೇಲಿಂದ ಜಾರಿ ಎಲ್ಲರ ಕಣ್ಣಮುಂದೆ ಬಿದ್ದಿದೆ. ಹನ್ನೆರಡು ಮಂದಿ ಜ್ಯೂರಿಗಳೂ ಅದನ್ನು ಕಂಡರು. ಕಂಡಮೇಲೂ ಅವನನ್ನು ಅಪರಾಧಿಯೆಂದರು.

ಇದು ಹೇಗೆ ಸಾಧ್ಯವಾಯಿತು? ಸಾಮಾನ್ಯವಾಗಿ ಈ ಪ್ರಶ್ನೆಗೆ ‘ಪೂರ್ವಗ್ರಹ’ ಎಂಬ ಒಂದೇ ಪದದ ಉತ್ತರ ದೊರೆಯುತ್ತದೆ. ಆ ಉತ್ತರ ತಪ್ಪಲ್ಲ; ಆದರೆ ಸಾಲದು. ಪೂರ್ವಗ್ರಹವು ಕೇವಲ ಮನಸ್ಸಿನ ದೋಷವಾಗಿದ್ದರೆ ಒಳ್ಳೆಯ ಮನಸ್ಸಿನವರು ಅದನ್ನು ತಿದ್ದಬಹುದಿತ್ತು. ಅಲಬಾಮದಲ್ಲಿ ಅದು ಯಾರ ಮಾತು ಸಾಕ್ಷ್ಯ, ಯಾರ ಮಾತು ಸಾಕ್ಷ್ಯವಲ್ಲ ಎಂಬ ನಿಯಮವಾಗಿ ಒಂದು ಶತಮಾನಕ್ಕೂ ಮಿಕ್ಕಿ ನ್ಯಾಯಾಲಯದೊಳಗೆ ನೆಲೆಸಿತ್ತು. ಟಾಮ್ ರಾಬಿನ್ಸನ್ ಸಾಕ್ಷ್ಯದ ಕೊರತೆಯಿಂದ ಸಾಯಲಿಲ್ಲ. ಸಾಕ್ಷಿಯಾಗುವ ಯೋಗ್ಯತೆ ಯಾರಿಗುಂಟೆಂಬುದು ವಿಚಾರಣೆಗೆ ಬಹಳ ಮೊದಲೇ ತೀರ್ಮಾನವಾಗಿದ್ದುದರಿಂದ ಸತ್ತನು. ಸಾಕ್ಷಿ ಎಂಬ ಪದವನ್ನು ನ್ಯಾಯಾಲಯದಲ್ಲಿಯೂ ಸಭೆಯಲ್ಲಿಯೂ ಒಂದೇ ರೂಪದಲ್ಲಿ ಬಳಸುವ ನಮಗೆ ಈ ಚರಿತ್ರೆ ಪರಕೀಯವೆನಿಸಬಾರದು.

1. ಮೇಕಂಬಿನ ನ್ಯಾಯಾಲಯದಲ್ಲಿ ದೊರೆತ ಸಾಕ್ಷ್ಯ

ಸರ್ಕಾರದ ಪಕ್ಷದಲ್ಲಿ ಮೂವರು ಸಾಕ್ಷಿಗಳಿದ್ದರು. ಷರೀಫ್ ಹೆಕ್ ಟೇಟ್ ಕೃತ್ಯವನ್ನು ಕಂಡವನಲ್ಲ. ದೂರು ಬಂದಮೇಲೆ ಯೂವೆಲ್ ಕುಟುಂಬದ ಮನೆಗೆ ಹೋದವನು. ಹತ್ತೊಂಬತ್ತು ವರ್ಷದ ಮೆಯೆಲ್ಲಾ ಯೂವೆಲ್ ಗಾಯಗೊಂಡು ಬಿದ್ದಿದ್ದಳೆಂದು ಆತ ಹೇಳಿದನು. ಅಟಿಕಸ್ ಫಿಂಚನ ಪಾಟೀಸವಾಲಿನಲ್ಲಿ ಮೂರು ಸಂಗತಿಗಳು ಹೊರಬಂದವು. ಒಂದು, ಯಾರೂ ವೈದ್ಯರನ್ನು ಕರೆಯಿಸಿರಲಿಲ್ಲ. ಎರಡು, ಆಕೆಯ ಬಲಗಣ್ಣು ಊದಿಕೊಂಡಿತ್ತು, ಮುಖದ ಬಲಭಾಗಕ್ಕೆ ಪೆಟ್ಟು ಬಿದ್ದಿತ್ತು. ಮೂರು, ಆಕೆಯ ಕುತ್ತಿಗೆಯ ಸುತ್ತಲೂ ಬೆರಳಿನ ಗುರುತುಗಳಿದ್ದವು. ಎದುರು ನಿಂತು ಮುಖದ ಬಲಭಾಗಕ್ಕೆ ಹೊಡೆಯುವವನು ಎಡಗೈಯಲ್ಲಿ ಹೊಡೆದಿರಬೇಕು. ಕುತ್ತಿಗೆಯನ್ನು ಸುತ್ತಲೂ ಹಿಸುಕಿದವನಿಗೆ ಎರಡು ಕೈಗಳಿರಬೇಕು.

ಎರಡನೆಯ ಸಾಕ್ಷಿ ತಂದೆ ಬಾಬ್ ಯೂವೆಲ್. ತಾನು ಕಿಟಕಿಯಿಂದ ಕೃತ್ಯವನ್ನು ಕಣ್ಣಾರೆ ಕಂಡೆನೆಂದು ಆತ ಪ್ರಮಾಣಪೂರ್ವಕವಾಗಿ ಹೇಳಿದನು. ಅಟಿಕಸನು ಅವನಿಂದ ಒಂದು ಲಕೋಟೆಯ ಹಿಂಬದಿಯಲ್ಲಿ ಹೆಸರು ಬರೆಯಿಸಿದಾಗ ಅವನು ಎಡಚನೆಂಬುದು ಬಯಲಾಯಿತು. ಮೂರನೆಯವಳಾದ ಮೆಯೆಲ್ಲಾ ಮುಖಕ್ಕೆ ಪೆಟ್ಟು ಬಿದ್ದದ್ದು ನೆನಪಿಲ್ಲವೆಂದು ಹೇಳಿ, ಮರುಕ್ಷಣವೇ ಹೊಡೆದನೆಂದಳು. ಆಗ ಅಟಿಕಸನು ಟಾಮನಿಗೆ ಎದ್ದು ನಿಲ್ಲಲು ಹೇಳಿದನು. ಬಲಗೈಗಿಂತ ಸುಮಾರು ಒಂದು ಅಡಿ ಗಿಡ್ಡವಾಗಿ ಒಣಗಿ ಜೋತುಬಿದ್ದ ಎಡಗೈಯನ್ನು ಇಡೀ ನ್ಯಾಯಾಲಯ ಕಂಡಿತು.

ಇದಕ್ಕಿಂತ ಸ್ಪಷ್ಟವಾದ ಪ್ರತಿಸಾಕ್ಷ್ಯ ಯಾವ ವಕೀಲನಿಗೂ ದೊರೆಯುವುದು ವಿರಳ. ಹಾಗಾದರೆ ಸರ್ಕಾರದ ಪಕ್ಷದ ಬಲ ಎಲ್ಲಿತ್ತು? ಅದು ಟಾಮನ ಪಾಟೀಸವಾಲಿನಲ್ಲಿ ಕಾಣಸಿಗುತ್ತದೆ. ಓಡಿಹೋದದ್ದೇಕೆ ಎಂದು ಸರ್ಕಾರಿ ವಕೀಲ ಗಿಲ್ಮರ್ ಕೇಳಿದನು. ಕಪ್ಪುವರ್ಣದವನಿಗೆ ಅಂಥ ಮನೆಯಲ್ಲಿ ಸಿಕ್ಕಿಬೀಳುವುದು ಎಷ್ಟು ಭಯಾನಕವೆಂಬುದನ್ನು ಬಲ್ಲವರಿಗೆ ಆ ಓಟದಲ್ಲಿ ಭಯ ಕಾಣುತ್ತಿತ್ತು; ಜ್ಯೂರಿಗೆ ಅಪರಾಧ ಕಂಡಿತು. ಮೆಯೆಲ್ಲಾ ಸುಳ್ಳು ಹೇಳುತ್ತಿದ್ದಾಳೆಯೇ ಎಂದು ಕೇಳಿದಾಗ ಟಾಮ್ ನೇರವಾಗಿ ಹೌದೆನ್ನಲಾರದೆ, ಆಕೆಗೆ ಎಲ್ಲೋ ತಪ್ಪು ಭಾವನೆಯಾಗಿದೆ ಎಂಬರ್ಥದ ಮಾತನಾಡಬೇಕಾಯಿತು. ಬಿಳಿಯಳನ್ನು ಸುಳ್ಳುಗಾತಿಯೆನ್ನದೆ ಅವನು ತನ್ನ ನಿರಪರಾಧವನ್ನು ಸ್ಥಾಪಿಸಲಾರ. ಹಾಗೆನ್ನುವುದೇ ಅವನ ಹೊಸ ಅಪರಾಧವಾಗುತ್ತದೆ. ಕೊನೆಗೆ, ಕೂಲಿಯಿಲ್ಲದೆ ಆಕೆಗೇಕೆ ಸಹಾಯ ಮಾಡಿದೆಯೆಂಬ ಪ್ರಶ್ನೆಗೆ ಆಕೆಯನ್ನು ಕಂಡು ಮರುಕ ಹುಟ್ಟಿತೆಂದು ಆತ ಉತ್ತರಿಸಿದನು. ಕಪ್ಪುವರ್ಣದವನು ಬಿಳಿಯಳ ಬಗ್ಗೆ ಮರುಕ ಪಡುವುದೆಂದರೆ ತನ್ನನ್ನು ಆಕೆಗಿಂತ ಮೇಲಿಟ್ಟುಕೊಂಡಂತೆ. ಕರುಣೆಯೇ ಅವನ ವಿರುದ್ಧ ಸಾಕ್ಷ್ಯವಾಯಿತು.

ತೀರ್ಪಿನ ನಂತರ ಅಟಿಕಸನು ಮಗನೊಂದಿಗೆ ಮಾತನಾಡುತ್ತ, ಒಬ್ಬನನ್ನು ಮರಣಕ್ಕೆ ಒಪ್ಪಿಸುವ ಮುನ್ನ ಒಬ್ಬಿಬ್ಬರು ಪ್ರತ್ಯಕ್ಷಸಾಕ್ಷಿಗಳಾದರೂ ಇರಬೇಕೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸುತ್ತಾನೆ. ಧರ್ಮೋಪದೇಶಕಾಂಡವನ್ನು ಓದಿದವರಿಗೆ ಇದು ಪರಿಚಿತವಾದ ವಿಚಾರ. ಆದರೆ ಒಂದು ಅಂಶವನ್ನು ಅವನು ಅಲ್ಲಿ ಎತ್ತುವುದಿಲ್ಲ. ಟಾಮನ ಮೊಕದ್ದಮೆಯಲ್ಲಿ ಅಂಥ ಇಬ್ಬರು ಇದ್ದರು! ಮಗಳು ಅನುಭವಿಸಿದೆನೆಂದಳು, ತಂದೆ ಕಂಡೆನೆಂದನು. ಅಟಿಕಸನ ಸುಧಾರಣೆ ಕಾನೂನಾಗಿದ್ದರೂ ಟಾಮ್ ಉಳಿಯುತ್ತಿರಲಿಲ್ಲ.

2. ಸಾಕ್ಷಿಯಾಗುವ ಹಕ್ಕಿನ ಚರಿತ್ರೆ

ಗುಲಾಮಗಿರಿಯ ಕಾಲದಲ್ಲಿ ದಕ್ಷಿಣ ಸಂಸ್ಥಾನಗಳ ಕಾನೂನು ಈ ವಿಷಯದಲ್ಲಿ ಮುಚ್ಚುಮರೆಯಿಲ್ಲದ್ದಾಗಿತ್ತು. ಗುಲಾಮನಾಗಲಿ ಸ್ವತಂತ್ರನಾಗಲಿ, ಕಪ್ಪುವರ್ಣದವನು ಬಿಳಿಯನ ವಿರುದ್ಧ ಸಾಕ್ಷಿ ಹೇಳುವಂತಿರಲಿಲ್ಲ. ಬಿಳಿಯನೊಬ್ಬನು ನೂರು ಮಂದಿ ಗುಲಾಮರ ಕಣ್ಣೆದುರಿಗೆ ಕೊಲೆ ಮಾಡಿದರೂ, ಮತ್ತೊಬ್ಬ ಬಿಳಿಯನು ಕಂಡಿರದಿದ್ದರೆ, ನ್ಯಾಯಾಲಯದ ದೃಷ್ಟಿಯಲ್ಲಿ ಅದನ್ನು ಯಾರೂ ಕಂಡಿರಲಿಲ್ಲ.

ಅಂತರ್ಯುದ್ಧದ ನಂತರ 1866ರ ಪೌರಹಕ್ಕುಗಳ ಕಾಯಿದೆಯು ಸಾಕ್ಷ್ಯ ನೀಡುವ ಸಮಾನ ಹಕ್ಕನ್ನು ಹೆಸರಿಸಿಯೇ ಘೋಷಿಸಿತು. 1868ರಲ್ಲಿ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿ ಕಾನೂನಿನ ಸಮಾನ ರಕ್ಷಣೆಯ ವಾಗ್ದಾನವನ್ನಿತ್ತಿತು. 1875ರ ಕಾಯಿದೆ ವರ್ಣದ ಕಾರಣದಿಂದ ಯಾರನ್ನೂ ಜ್ಯೂರಿಯಿಂದ ಹೊರಗಿಡಬಾರದೆಂದಿತು; 1880ರಲ್ಲಿ ಸುಪ್ರೀಂ ಕೋರ್ಟು ವೆಸ್ಟ್ ವರ್ಜೀನಿಯದ ಸ್ಟ್ರಾಡರ್ ಮೊಕದ್ದಮೆಯಲ್ಲಿ ಬಿಳಿಯರಿಗೆ ಮಾತ್ರ ಜ್ಯೂರಿಯ ಸ್ಥಾನ ಕೊಡುವ ಕಾನೂನನ್ನು ರದ್ದುಗೊಳಿಸಿತು.

ಹೀಗೆ ಕಾಗದದ ಮೇಲೆ ಬಾಗಿಲು ತೆರೆಯಿತು. ಆದರೆ 1901ರ ಅಲಬಾಮ ಸಂವಿಧಾನವು ಅಕ್ಷರಪರೀಕ್ಷೆ, ತಲೆಗಂದಾಯ ಮೊದಲಾದ ಉಪಾಯಗಳಿಂದ ಕಪ್ಪುಜನರನ್ನು ಮತದಾನದಿಂದ ದೂರವಿರಿಸಿತು. ಜ್ಯೂರಿಪಟ್ಟಿ ಸಿದ್ಧಪಡಿಸುವ ಅಧಿಕಾರಿಗಳು ಅವರ ಹೆಸರನ್ನು ಸುಮ್ಮನೆ ಬರೆಯದೆ ಹೋದರು. ಸಾಕ್ಷಿಕಟ್ಟೆ ಹತ್ತುವ ಹಕ್ಕು ದೊರೆಯಿತು. ಅಲ್ಲಿಂದ ಆಡಿದ ಮಾತನ್ನು ಕೇಳಿ ತೂಗುವವರ ಸ್ಥಾನಗಳು ಬಿಳಿಯ ಗಂಡಸರಿಗೇ ಮೀಸಲಾಗಿ ಉಳಿದವು. ಅಲಬಾಮದಲ್ಲಿ ಹೆಂಗಸರಿಗೆ ಜ್ಯೂರಿಯಲ್ಲಿ ಕೂರುವ ಹಕ್ಕು 1966ರವರೆಗೂ ದೊರೆಯಲಿಲ್ಲ. ಮೇಕಂಬಿನ ಜ್ಯೂರಿಯಲ್ಲಿ ಹನ್ನೆರಡೂ ಮಂದಿ ಬಿಳಿಯ ಗಂಡಸರಾಗಿದ್ದುದು ಕಾದಂಬರಿಕಾರ್ತಿಯ ಅತಿಶಯೋಕ್ತಿಯಲ್ಲ.

1953ರಲ್ಲಿ, ಅಂದರೆ ಕಾದಂಬರಿ ಪ್ರಕಟವಾಗುವುದಕ್ಕೆ ಕೇವಲ ಏಳು ವರ್ಷ ಮೊದಲು, ಅಲಬಾಮದ ಮೇಲ್ಮನವಿ ನ್ಯಾಯಾಲಯವು ಮೆಕ್‌ಕ್ವಿರ್ಟರ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಇನ್ನೂ ಸ್ಪಷ್ಟವಾಗಿದೆ. ಕಪ್ಪುವರ್ಣದವನೊಬ್ಬನು ಬಿಳಿಯ ಹೆಂಗಸಿನ ಹಿಂದೆ ಬೀದಿಯಲ್ಲಿ ನಡೆದನೆಂಬುದು ಆರೋಪದ ತಿರುಳು; ಆಕೆಯನ್ನು ಅವನು ಮುಟ್ಟಿರಲಿಲ್ಲ. ಅತ್ಯಾಚಾರದ ಉದ್ದೇಶವಿತ್ತೇ ಎಂದು ನಿರ್ಣಯಿಸುವಾಗ ಆಕೆ ಬಿಳಿಯಳು, ಆತ ಕಪ್ಪುವರ್ಣದವನು ಎಂಬ ಸಂಗತಿಯನ್ನೂ ಜ್ಯೂರಿ ಪರಿಗಣಿಸಬಹುದೆಂದು ನ್ಯಾಯಾಲಯ ಒಪ್ಪಿಕೊಂಡಿತು. ಮೈಬಣ್ಣವೇ ಸಾಕ್ಷ್ಯವಾಯಿತು. ಅಟಿಕಸನು ಎದುರಿಸಿದ ಅತ್ಯಂತ ಬಲವಾದ ಸಾಕ್ಷಿ ಯೂವೆಲ್‌ಗಳಲ್ಲ, ಈ ಮೌನಸಾಕ್ಷಿ. ಅದಕ್ಕೆ ಪಾಟೀಸವಾಲು ಹಾಕಲಾಗದು.

ಇದರ ಫಲವನ್ನು ಅಂಕಿಗಳಲ್ಲಿ ಕಾಣಬಹುದು. 1930ರಿಂದ ಅಮೆರಿಕದಲ್ಲಿ ಅತ್ಯಾಚಾರದ ಅಪರಾಧಕ್ಕಾಗಿ ಮರಣದಂಡನೆಗೆ ಗುರಿಯಾದ 455 ಮಂದಿಯಲ್ಲಿ 405 ಮಂದಿ ಕಪ್ಪುವರ್ಣದವರು. ವಯಸ್ಕ ಸ್ತ್ರೀಯ ಮೇಲಿನ ಅತ್ಯಾಚಾರಕ್ಕೆ ಮರಣದಂಡನೆ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿದ್ದು 1977ರಲ್ಲಿ, ಕೋಕರ್ ಮೊಕದ್ದಮೆಯಲ್ಲಿ.

3. ಸ್ಕಾಟ್ಸ್‌ಬರೊ: ಸಾಕ್ಷ್ಯವನ್ನು ನಂಬಿದ ನ್ಯಾಯಾಧೀಶ

ಹಾರ್ಪರ್ ಲೀ 1926ರಲ್ಲಿ ಅಲಬಾಮದ ಮನ್ರೋವಿಲ್ ಊರಿನಲ್ಲಿ ಹುಟ್ಟಿದವರು. ತಂದೆ ಅಮಾಸಾ ಕೋಲ್ಮನ್ ಲೀ ವಕೀಲರು. ಕೊಲೆಯ ಆರೋಪ ಹೊತ್ತ ಇಬ್ಬರು ಕಪ್ಪುವರ್ಣದವರ ಪರವಾಗಿ 1919ರಲ್ಲಿ ವಾದಿಸಿ ಸೋತವರು. ಆ ಇಬ್ಬರನ್ನೂ ಗಲ್ಲಿಗೇರಿಸಲಾಯಿತು. ಅದೇ ಮನ್ರೋ ಕೌಂಟಿಯಲ್ಲಿ 1933ರಲ್ಲಿ ವಾಲ್ಟರ್ ಲೆಟ್ ಎಂಬ ಕಪ್ಪುವರ್ಣದವನ ಮೇಲೆ ಬಿಳಿಯಳ ಅತ್ಯಾಚಾರದ ಆರೋಪ ಬಂದಿತು. ಮರಣದಂಡನೆ ಜೀವಾವಧಿಗೆ ಇಳಿದರೂ ಆತ 1937ರಲ್ಲಿ ಕ್ಷಯದಿಂದ ಸತ್ತನು. ಇವೆಲ್ಲಕ್ಕಿಂತ ಪ್ರಸಿದ್ಧವಾದುದು ಸ್ಕಾಟ್ಸ್‌ಬರೊ ಮೊಕದ್ದಮೆ.

1931ರ ಮಾರ್ಚ್ 25ರಂದು ಅಲಬಾಮದ ಪೇಂಟ್ ರಾಕ್ ಎಂಬಲ್ಲಿ ಸರಕುಗಾಡಿಯೊಂದರಿಂದ ಒಂಬತ್ತು ಮಂದಿ ಕಪ್ಪುವರ್ಣದ ಹುಡುಗರನ್ನು ಇಳಿಸಿ ಬಂಧಿಸಲಾಯಿತು. ಅದೇ ಗಾಡಿಯಲ್ಲಿದ್ದ ವಿಕ್ಟೋರಿಯಾ ಪ್ರೈಸ್ ಮತ್ತು ರೂಬಿ ಬೇಟ್ಸ್ ಎಂಬ ಇಬ್ಬರು ಬಿಳಿಯ ತರುಣಿಯರು ತಮ್ಮ ಮೇಲೆ ಅತ್ಯಾಚಾರವಾಯಿತೆಂದರು. ಇಲ್ಲಿಯೂ ಇಬ್ಬರು ಸಾಕ್ಷಿಗಳು. ಆರೋಪಿಗಳಲ್ಲೊಬ್ಬನು ತೀವ್ರ ರೋಗದಿಂದ ಊರುಗೋಲಿಲ್ಲದೆ ನಡೆಯಲಾರದವನು. ಇನ್ನೊಬ್ಬನು ಹೆಚ್ಚುಕಡಿಮೆ ಕುರುಡನು. ಟಾಮನ ಒಣಗಿದ ಕೈಯಂತೆ ಈ ಶರೀರಗಳೂ ಸಾಕ್ಷಿ ಹೇಳುತ್ತಿದ್ದವು. ಬಂಧನವಾಗಿ ಮೂರು ವಾರ ತುಂಬುವುದರೊಳಗೆ ಎಂಟು ಮಂದಿಗೆ ಮರಣದಂಡನೆ ವಿಧಿಸಲಾಯಿತು.

1932ರಲ್ಲಿ ಪವೆಲ್ ಮೊಕದ್ದಮೆಯ ತೀರ್ಪಿನ ಮೂಲಕ ಸುಪ್ರೀಂ ಕೋರ್ಟು, ಆರೋಪಿಗಳಿಗೆ ನಿಜವಾದ ಅರ್ಥದಲ್ಲಿ ವಕೀಲರ ನೆರವು ದೊರೆತಿರಲಿಲ್ಲವೆಂದು ಈ ಶಿಕ್ಷೆಗಳನ್ನು ರದ್ದುಪಡಿಸಿತು. 1933ರ ವಸಂತದಲ್ಲಿ ಡಿಕೇಟರ್ ಪಟ್ಟಣದಲ್ಲಿ ಹೇವುಡ್ ಪ್ಯಾಟರ್ಸನ್‌ನ ಮರುವಿಚಾರಣೆ ನಡೆಯಿತು. ನ್ಯೂಯಾರ್ಕಿನ ವಕೀಲ ಸ್ಯಾಮುಯೆಲ್ ಲೀಬೊವಿಟ್ಜ್ ವಾದಿಸಿದರು. ಮೇಕಂಬಿನಲ್ಲಿ ಇಲ್ಲದಿದ್ದ ವೈದ್ಯಕೀಯ ಸಾಕ್ಷ್ಯ ಇಲ್ಲಿ ಇತ್ತು: ಘಟನೆ ನಡೆಯಿತೆಂದ ಹೊತ್ತಿಗೆ ಸಮೀಪದಲ್ಲೇ ತರುಣಿಯರನ್ನು ಪರೀಕ್ಷಿಸಿದ್ದ ವೈದ್ಯರ ಹೇಳಿಕೆ, ಅವರು ವರ್ಣಿಸಿದಂಥ ಹಿಂಸೆಗೆ ಹೊಂದುತ್ತಿರಲಿಲ್ಲ. ಅದಕ್ಕೂ ಮಿಗಿಲಾಗಿ, ರೂಬಿ ಬೇಟ್ಸ್ ತಾನೇ ಸಾಕ್ಷಿಕಟ್ಟೆ ಹತ್ತಿ ಅತ್ಯಾಚಾರ ನಡೆಯಲೇ ಇಲ್ಲವೆಂದಳು. ಆದರೂ ಜ್ಯೂರಿ ಮತ್ತೆ ಮರಣದಂಡನೆಯನ್ನೇ ಕೊಟ್ಟಿತು.

ಆಗ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಅಪರೂಪದ ಕೆಲಸವೊಂದನ್ನು ಮಾಡಿದರು. 1933ರ ಜೂನ್ 22ರಂದು ವಿಕ್ಟೋರಿಯಾ ಪ್ರೈಸಳ ಹೇಳಿಕೆಯನ್ನು ಅಂಶಅಂಶವಾಗಿ ಉಳಿದ ಸಾಕ್ಷ್ಯದೊಂದಿಗೆ ಹೋಲಿಸಿ, ಅದಕ್ಕೆ ಸಮರ್ಥನೆಯಿಲ್ಲವಷ್ಟೇ ಅಲ್ಲ, ಉಳಿದ ಸಾಕ್ಷ್ಯ ಅದಕ್ಕೆ ವಿರುದ್ಧವಾಗಿದೆಯೆಂದು ಜ್ಯೂರಿಯ ತೀರ್ಪನ್ನು ಬದಿಗಿರಿಸಿ ಹೊಸ ವಿಚಾರಣೆಗೆ ಆದೇಶಿಸಿದರು. ಮರುವರ್ಷದ ಚುನಾವಣೆಯಲ್ಲಿ ಅವರು ನ್ಯಾಯಾಧೀಶ ಸ್ಥಾನವನ್ನು ಕಳೆದುಕೊಂಡರು. ಮೊಕದ್ದಮೆ ಬೇರೊಬ್ಬ ನ್ಯಾಯಾಧೀಶರ ಕೈಗೆ ಹೋಗಿ ಪ್ಯಾಟರ್ಸನ್ ಪುನಃ ಅಪರಾಧಿಯೆನಿಸಿದನು.

1935ರ ಏಪ್ರಿಲ್ 1ರಂದು ನಾರಿಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪ್ರಶ್ನೆಯ ಬೇರನ್ನು ಮುಟ್ಟಿತು. ಕೌಂಟಿಯ ಜ್ಯೂರಿಪಟ್ಟಿಯಲ್ಲಿ ಕಪ್ಪುವರ್ಣದವರ ಹೆಸರುಗಳೂ ಇವೆಯೆಂದು ಸಂಸ್ಥಾನ ವಾದಿಸಿತ್ತು. ಆ ಹೆಸರುಗಳನ್ನು ಆಮೇಲೆ ಕಳ್ಳತನದಿಂದ ಸೇರಿಸಲಾಗಿದೆಯೆಂದು ಲೀಬೊವಿಟ್ಜ್ ತೋರಿಸಿದರು. ನ್ಯಾಯಮೂರ್ತಿಗಳು ಪುಟಗಳನ್ನು ಭೂತಗನ್ನಡಿ ಹಿಡಿದು ಪರೀಕ್ಷಿಸಿದರು. ಮೇಕಂಬಿನ ಕಥೆ ಇದೇ ವರ್ಷದ ಬೇಸಿಗೆಯಲ್ಲಿ ನಡೆಯುತ್ತದೆ. ಸ್ಕಾಟ್ಸ್‌ಬರೊ ಆರೋಪಿಗಳಲ್ಲಿ ನಾಲ್ವರ ಮೇಲಿನ ಆರೋಪವನ್ನು 1937ರಲ್ಲಿ ಕೈಬಿಡಲಾಯಿತು. ಕ್ಲಾರೆನ್ಸ್ ನಾರಿಸ್‌ಗೆ ಕ್ಷಮಾದಾನ ದೊರೆತದ್ದು 1976ರಲ್ಲಿ. ಕೊನೆಯ ಮೂವರಿಗೆ ಮರಣೋತ್ತರವಾಗಿ 2013ರಲ್ಲಿ. ಎಂಬತ್ತೆರಡು ವರ್ಷ!

4. ವೇದದ ನ್ಯಾಯವಿಧಿ

ಇಬ್ಬರು ಅಥವಾ ಮೂವರು ಸಾಕ್ಷಿಗಳಿಲ್ಲದೆ ಯಾರನ್ನೂ ಅಪರಾಧಿಯೆಂದು ಸ್ಥಾಪಿಸಬಾರದೆಂಬ ಧರ್ಮೋಪದೇಶಕಾಂಡದ ವಿಧಿ (19:15) ದುರ್ಬಲನ ರಕ್ಷಣೆಗಾಗಿ ಹುಟ್ಟಿದ್ದು. ಆದರೆ ಅದೇ ಅಧ್ಯಾಯ ಅಲ್ಲಿಗೇ ನಿಲ್ಲುವುದಿಲ್ಲ. ನ್ಯಾಯಾಧಿಪತಿಗಳು ಚೆನ್ನಾಗಿ ವಿಚಾರಿಸಬೇಕೆಂದೂ, ಸಾಕ್ಷಿ ಸುಳ್ಳೆಂದು ಕಂಡುಬಂದರೆ ಆತ ಇತರನಿಗೆ ಬಗೆದ ಶಿಕ್ಷೆ ಅವನಿಗೇ ಆಗಬೇಕೆಂದೂ ವಿಧಿಸುತ್ತದೆ (19:18-19). ಎಣಿಕೆಯಷ್ಟೇ ಸಾಲದು, ವಿಚಾರಣೆ ಬೇಕು. ವಿಮೋಚನಕಾಂಡವಂತೂ (23:2) ನ್ಯಾಯವನ್ನು ತಿರುಚುವುದಕ್ಕಾಗಿ ಬಹುಮಂದಿಯ ಪಕ್ಷ ಹಿಡಿಯಬಾರದೆನ್ನುತ್ತದೆ. ದಶಾಜ್ಞೆಗಳಲ್ಲಿ ಸುಳ್ಳುಸಾಕ್ಷಿಯ ಕುರಿತಾದ ಆಜ್ಞೆಯೂ ಮೊದಲಿಗೆ ಊರಬಾಗಿಲಿನ ನ್ಯಾಯಪೀಠವನ್ನು ಕುರಿತದ್ದು. ಅದನ್ನು ಕೇವಲ ಸುಳ್ಳಾಡಬಾರದೆಂಬ ಮನೆಪಾಠವಾಗಿ ಇಳಿಸಿದಾಗ ಅದರ ಹರಿತ ಹೋಗುತ್ತದೆ.

ಎಣಿಕೆ ಮಾತ್ರ ಉಳಿದು ವಿಚಾರಣೆ ಸತ್ತಾಗ ಏನಾಗುತ್ತದೆಂಬುದಕ್ಕೆ ನಾಬೋತನ ಚರಿತ್ರೆ ನಿದರ್ಶನ (1 ಅರಸುಗಳು 21). ಈಜೆಬೆಲಳು ಕಾನೂನನ್ನು ಮೀರಲಿಲ್ಲ, ಬಳಸಿಕೊಂಡಳು. ಉಪವಾಸ ಸಾರಲಾಯಿತು, ಸಭೆ ಕೂಡಿತು, ಇಬ್ಬರು ಸಾಕ್ಷಿಗಳನ್ನು ಎದುರಿಗೆ ಕೂರಿಸಲಾಯಿತು. ಊರಿನ ಹಿರಿಯರೂ ಶ್ರೀಮಂತರೂ ಪತ್ರದಲ್ಲಿ ಬರೆದಂತೆಯೇ ಮಾಡಿದರು. ಒಂದು ವಿಧಿಯೂ ತಪ್ಪಲಿಲ್ಲ, ನಾಬೋತನು ಮಾತ್ರ ಸತ್ತನು. ಮೇಕಂಬಿನಲ್ಲಿಯೂ ನ್ಯಾಯಾಧೀಶನಿದ್ದನು, ವಕೀಲನಿದ್ದನು, ಜ್ಯೂರಿಯಿತ್ತು, ಪ್ರಮಾಣವಿತ್ತು.

ಟಾಮನಿಗೆ ಇನ್ನೂ ಹತ್ತಿರದವನು ಯೋಸೇಫನು (ಆದಿಕಾಂಡ 39). ಪರದೇಶದ ಗುಲಾಮ, ಯಜಮಾನನ ಹೆಂಡತಿಯ ದೂರು, ಕೈಯಲ್ಲಿ ಉಳಿದ ಬಟ್ಟೆ, ಓಡಿಹೋದ ಆರೋಪಿ. ಪೋಟೀಫರನ ಹೆಂಡತಿ ದೂರು ಹೇಳುವಾಗ ಮೊದಲು ಎತ್ತಿಹಿಡಿಯುವುದು ಯೋಸೇಫನ ಕೃತ್ಯವನ್ನಲ್ಲ, ಅವನ ಜನಾಂಗವನ್ನು: ಇಬ್ರಿಯನು, ಗುಲಾಮನು. ಆ ಎರಡು ಪದಗಳಲ್ಲೇ ವಿಚಾರಣೆ ಮುಗಿಯಿತು. ಬಟ್ಟೆ ಹಿಂದೆ ಉಳಿದದ್ದು ಅವನು ಆಕೆಯಿಂದ ತಪ್ಪಿಸಿಕೊಂಡದ್ದಕ್ಕೆ ಸಾಕ್ಷ್ಯವಾಗಬಹುದಿತ್ತು. ಆದರೆ ಯೋಸೇಫನನ್ನು ಯಾರೂ ಪ್ರಶ್ನಿಸಿದಂತೆ ಪಾಠದಲ್ಲಿಲ್ಲ. ಅವನ ಉತ್ತರವೂ ದಾಖಲಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಯೋಸೇಫನ ಕಥೆಯನ್ನೂ ಟಾಮನ ಕಥೆಯನ್ನೂ ಜೋಡಿಸಿ, ಹೆಂಗಸರ ದೂರು ಸಾಮಾನ್ಯವಾಗಿ ಸುಳ್ಳೆಂದು ಪ್ರಸಂಗಪೀಠದಿಂದ ಬೋಧಿಸುವವರು ಎರಡು ಕಥೆಗಳನ್ನೂ ಕೆಡಿಸುತ್ತಾರೆ. ಮೆಯೆಲ್ಲಾ ಹೊಡೆತ ತಿಂದವಳೇ, ಅದು ಸುಳ್ಳಲ್ಲ. ಹೊಡೆದವನು ಅವಳ ತಂದೆಯೆಂಬುದನ್ನು ಸಾಕ್ಷ್ಯ ಸೂಚಿಸುತ್ತದೆ. ತಾಯಿಯಿಲ್ಲದ ಮನೆಯಲ್ಲಿ ತಮ್ಮತಂಗಿಯರನ್ನು ಸಾಕುತ್ತ, ಅವರನ್ನು ಐಸ್‌ಕ್ರೀಮ್ ತಿನ್ನಲು ಕಳಿಸುವುದಕ್ಕಾಗಿ ವರ್ಷವಿಡೀ ಏಳು ನಾಣ್ಯ ಕೂಡಿಡುವ ಆ ಹುಡುಗಿಗೆ ಸತ್ಯ ಹೇಳುವ ಸ್ಥಳ ಆ ಊರಿನಲ್ಲಿ ಎಲ್ಲಿತ್ತು? ದಾನಿಯೇಲನ ಗ್ರಂಥಕ್ಕೆ ಗ್ರೀಕ್ ಪಾಠದಲ್ಲಿ ಸೇರಿರುವ ಸುಸನ್ನಳ ಕಥೆಯನ್ನು ಯೋಸೇಫನ ಕಥೆಯ ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿ ಸುಳ್ಳು ಹೇಳುವವರು ಇಬ್ಬರು ಹಿರಿಯರು, ಅದೂ ನ್ಯಾಯಾಧಿಪತಿಗಳು, ಬಲಿಯಾಗುವವಳು ಹೆಂಗಸು. ದಾನಿಯೇಲನು ಇಬ್ಬರನ್ನೂ ಬೇರೆಬೇರೆಯಾಗಿ ಪ್ರಶ್ನಿಸಿ, ಯಾವ ಮರದ ಕೆಳಗೆ ಕಂಡಿರೆಂದು ಕೇಳಿದಾಗ ಒಬ್ಬನು ಹೇಳಿದ ಮರ ಇನ್ನೊಬ್ಬನು ಹೇಳಿದ ಮರವಾಗಿರಲಿಲ್ಲ. ಗಂಡಸನ್ನು ನಂಬಬೇಕು, ಹೆಂಗಸನ್ನು ನಂಬಬಾರದು ಎಂಬುದಾಗಲಿ ಅದರ ವಿಪರ್ಯಯವಾಗಲಿ ವೇದದ ಪಾಠವಲ್ಲ. ಸ್ಥಾನಬಲವುಳ್ಳವನ ಮಾತನ್ನೂ ಪರೀಕ್ಷೆಗೊಳಪಡಿಸಬೇಕು, ಸ್ಥಾನವಿಲ್ಲದವನ ಮಾತನ್ನೂ ಸಾಕ್ಷ್ಯವೆಂದು ಕೇಳಬೇಕು ಎಂಬುದೇ ಅದರ ಪಾಠ.

5. ಸಭೆ ಎಲ್ಲಿ ಕುಳಿತಿತ್ತು?

ಮೇಕಂಬ್ ದೇವರನ್ನರಿಯದ ಊರಲ್ಲ. ಅಲ್ಲಿ ಎಲ್ಲರೂ ಕ್ರೈಸ್ತರು. ಜ್ಯೂರಿಗಳೂ ಸಾಕ್ಷಿಗಳೂ ಒಂದೇ ಗ್ರಂಥವನ್ನು ನಂಬಿದವರು. ಆದುದರಿಂದ ಈ ವಿಚಾರಣೆಯ ಹೊಣೆಯಲ್ಲಿ ಸಭೆಯ ಪಾಲೆಷ್ಟೆಂದು ಕೇಳಲೇಬೇಕಾಗುತ್ತದೆ.

ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕದ ಮೆಥೊಡಿಸ್ಟ್ ಸಭೆ 1844ರಲ್ಲಿ ಒಡೆಯಿತು. ಮರುವರ್ಷ ದಕ್ಷಿಣದ ಬ್ಯಾಪ್ಟಿಸ್ಟರು ಪ್ರತ್ಯೇಕವಾದರು. 1939ರಲ್ಲಿ ಮೆಥೊಡಿಸ್ಟರು ಮತ್ತೆ ಒಂದಾದಾಗಲೂ ಕಪ್ಪುವರ್ಣದವರ ಸಭೆಗಳನ್ನು ‘ಸೆಂಟ್ರಲ್ ಜೂರಿಸ್‌ಡಿಕ್ಷನ್’ ಎಂಬ ಪ್ರತ್ಯೇಕ ವ್ಯವಸ್ಥೆಯಲ್ಲಿಟ್ಟರು. ಅದು 1968ರವರೆಗೆ ನಡೆಯಿತು. ಅಂದರೆ ನ್ಯಾಯಾಲಯವು ಕಪ್ಪುವರ್ಣದವರನ್ನು ಮೇಲಿನ ಅಟ್ಟದಲ್ಲಿ ಕೂರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸಭೆಯೂ ಅವರಿಗೆ ಬೇರೆಯ ಸ್ಥಳವನ್ನೇ ತೋರಿಸಿತ್ತು. ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ ಸಭೆಯಲ್ಲಿ ಆಸನ ಕೊಡುವ ಕ್ರಮವನ್ನೂ ಕೆಟ್ಟ ನ್ಯಾಯತೀರಿಸುವಿಕೆಯನ್ನೂ ಒಟ್ಟಿಗೇ ಹೇಳುತ್ತದೆ. ಯಾರನ್ನು ಎಲ್ಲಿ ಕೂರಿಸುತ್ತೇವೆಂಬುದು ಯಾರ ಮಾತನ್ನು ನಂಬುತ್ತೇವೆಂಬುದರ ಮೊದಲ ತೀರ್ಪು.

ಕಾದಂಬರಿಯಲ್ಲಿ ಎರಡು ಸಭೆಗಳ ಚಿತ್ರಗಳಿವೆ. ಒಂದು, ಬಿಡುಗಡೆ ಹೊಂದಿದ ಗುಲಾಮರ ಮೊದಲ ಗಳಿಕೆಯಿಂದ ಕೊಂಡುಕೊಂಡದ್ದೆಂಬ ಕಾರಣಕ್ಕೆ ‘ಫಸ್ಟ್ ಪರ್ಚೇಸ್’ ಎಂದು ಹೆಸರಾದ ಕಪ್ಪುವರ್ಣದವರ ದೇವಾಲಯ. ಟಾಮನ ಬಂಧನವಾದ ಮೇಲೆ ಅವನ ಹೆಂಡತಿ ಹೆಲನ್‌ಗೆ ಯಾರೂ ಕೆಲಸ ಕೊಡುತ್ತಿಲ್ಲ. ಸಭಾಪಾಲಕ ಸೈಕ್ಸ್ ಹತ್ತು ಡಾಲರ್ ಕೂಡುವವರೆಗೆ ಬಾಗಿಲು ಮುಚ್ಚಿಸಿ, ಯಾರನ್ನೂ ಹೊರಗೆ ಬಿಡದೆ, ಕಾಣಿಕೆ ಎತ್ತಿಸುತ್ತಾನೆ. ಎರಡನೆಯದು, ಬಿಳಿಯ ಮೆಥೊಡಿಸ್ಟ್ ಸ್ತ್ರೀಯರ ಮಿಷನರಿ ಕೂಟ. ಆಫ್ರಿಕದ ಮ್ರೂನ ಎಂಬ ಜನರ ಬಡತನವನ್ನು ನೆನೆದು ಅಲ್ಲಿ ಕಣ್ಣೀರು ಹರಿಯುತ್ತದೆ. ಅದೇ ಉಸಿರಿನಲ್ಲಿ ಹೆಲನ್‌ಳನ್ನು ಕ್ಷಮಿಸಿಬಿಡಬೇಕೆಂಬ ಮಾತೂ, ಮನೆಗೆಲಸದ ಕಪ್ಪುಜನರ ಮುನಿಸಿನ ಬಗ್ಗೆ ದೂರೂ ಬರುತ್ತದೆ. ಆ ಕೂಟ ನಡೆಯುತ್ತಿರುವಾಗಲೇ ಅಟಿಕಸನು ಟಾಮನ ಸಾವಿನ ಸುದ್ದಿ ತರುತ್ತಾನೆ. ಸೆರೆಮನೆಯ ಬೇಲಿ ಹತ್ತುತ್ತಿದ್ದವನ ಮೈಯಲ್ಲಿ ಹದಿನೇಳು ಗುಂಡುಗಳು. ಎರಡೂ ಕೈ ಸರಿಯಿದ್ದಿದ್ದರೆ ಆತ ಬೇಲಿ ದಾಟಿಬಿಡುತ್ತಿದ್ದನೆಂದು ಕಾವಲುಗಾರರು ಹೇಳಿದರಂತೆ. ಜ್ಯೂರಿಗೆ ಕಾಣದಿದ್ದ ಆ ಒಣಗಿದ ಕೈ ಕೋವಿ ಹಿಡಿದವರಿಗೆ ಸ್ಪಷ್ಟವಾಗಿ ಕಂಡಿತ್ತು.

ಮಿಷನ್ ಚರಿತ್ರೆಯನ್ನು ಓದುವ ನಮಗೆ ಈ ಕೂಟದ ಪ್ರಸಂಗ ಹೆಚ್ಚು ಚುಚ್ಚಬೇಕು. ದೂರದವರ ಮೇಲಿನ ಕನಿಕರವು ಸಮೀಪದವನ ಮಾತನ್ನು ಕೇಳದಿರುವುದಕ್ಕೆ ನೆಪವಾಗಬಲ್ಲದು. ಕಾದಂಬರಿಗೂ ಒಂದು ಮಿತಿಯಿದೆ. ನ್ಯಾಯದ ಭಾರವನ್ನೆಲ್ಲ ಅದು ಒಬ್ಬ ಬಿಳಿಯ ವಕೀಲನ ಹೆಗಲಿಗೇರಿಸುತ್ತದೆ. ಟಾಮ್ ಮಾತನಾಡುವುದು ಸಾಕ್ಷಿಕಟ್ಟೆಯಲ್ಲಿ ಮಾತ್ರವೆಂದರೂ ಸಲ್ಲುತ್ತದೆ, ಹೆಲನ್‌ಳ ದುಃಖ ನಮಗೆ ಬೇರೆಯವರ ಬಾಯಿಂದಲೇ ತಲಪುತ್ತದೆ. ಆದರೂ ಅಟ್ಟದಲ್ಲಿ ಕುಳಿತ ಸೈಕ್ಸ್ ಒಂದು ಸತ್ಯವನ್ನು ಅಟಿಕಸನ ಮಗನಿಗೆ ತಿಳಿಸುತ್ತಾನೆ: ಬಿಳಿಯನ ವಿರುದ್ಧ ಕಪ್ಪುವರ್ಣದವನ ಪರವಾಗಿ ಜ್ಯೂರಿ ತೀರ್ಪಿತ್ತದ್ದನ್ನು ತಾನು ಎಂದೂ ಕಂಡಿಲ್ಲವೆಂದು. ಇದು ನಿರಾಶೆಯ ಮಾತಲ್ಲ, ಸಾಕ್ಷ್ಯ. ಎಷ್ಟೋ ವಿಚಾರಣೆಗಳನ್ನು ಕುಳಿತು ಕಂಡು ನೆನಪಿಟ್ಟ ಸಭಾಪಾಲಕನೊಬ್ಬನ ಸಾಕ್ಷ್ಯ.

6. ಮೀನೂಟದ ಸಾಕ್ಷಿಗಳು

ಕಾದಂಬರಿ ಪ್ರಸಿದ್ಧವಾದಮೇಲೆ ಮನ್ರೋವಿಲ್‌ನ ಹಳೆಯ ನ್ಯಾಯಾಲಯ ವಸ್ತುಸಂಗ್ರಹಾಲಯವಾಯಿತು; ಟಾಮನ ವಿಚಾರಣೆಯನ್ನು ಅಲ್ಲಿ ನಾಟಕವಾಗಿ ಆಡುತ್ತಾರೆ. ಅದೇ ಕೌಂಟಿಯಲ್ಲಿ 1987ರಲ್ಲಿ ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪುವರ್ಣದವರನ್ನು ಬಿಳಿಯ ತರುಣಿಯೊಬ್ಬಳ ಕೊಲೆಯ ಆರೋಪದ ಮೇಲೆ ಬಂಧಿಸಲಾಯಿತು. ವಿಚಾರಣೆಗೆ ಮೊದಲೇ ಅವರನ್ನು ಮರಣದಂಡಿತರ ಸೆರೆಯಲ್ಲಿಟ್ಟರು. ಕೊಲೆ ನಡೆದ ಹೊತ್ತಿನಲ್ಲಿ ಅವರ ಮನೆಯಲ್ಲಿ ಸಭೆಯ ನಿಧಿಗಾಗಿ ಮೀನು ಕರಿದು ಮಾರುವ ಊಟ ನಡೆಯುತ್ತಿತ್ತು. ಮೆಕ್‌ಮಿಲಿಯನ್ ಅಲ್ಲಿಯೇ ಇದ್ದರೆಂದು ಅಲ್ಲಿ ನೆರೆದಿದ್ದ ಕಪ್ಪುವರ್ಣದ ಸಾಕ್ಷಿಗಳು ಹೇಳಿದರು. ಇಬ್ಬರಲ್ಲ, ಮೂವರಲ್ಲ, ಒಂದು ಸಭೆಯೇ ಅವರ ಪರವಾದ ಸಾಕ್ಷಿಯಾಗಿತ್ತು. 1988ರಲ್ಲಿ ಒಂದೂವರೆ ದಿನದಲ್ಲಿ ವಿಚಾರಣೆ ಮುಗಿಯಿತು. ಒಬ್ಬ ಅಪರಾಧಿಯ ಹೇಳಿಕೆಯನ್ನು ಪ್ರಮುಖವಾಗಿ ನಂಬಿದ ಜ್ಯೂರಿ ಅವರನ್ನು ಕೊಲೆಗಾರರೆಂದಿತು. ಜ್ಯೂರಿ ಜೀವಾವಧಿಯನ್ನು ಸೂಚಿಸಿದ್ದರೂ ನ್ಯಾಯಾಧೀಶರು ಮರಣದಂಡನೆ ವಿಧಿಸಿದರು. ವಕೀಲ ಬ್ರಯನ್ ಸ್ಟೀವನ್‌ಸನ್ ಅವರ ಪ್ರಯತ್ನದಿಂದ ಆ ಹೇಳಿಕೆ ಸುಳ್ಳೆಂದು ಬಯಲಾಗಿ ಮೆಕ್‌ಮಿಲಿಯನ್ 1993ರಲ್ಲಿ ಬಿಡುಗಡೆಯಾದರು.

ಕಾನೂನು 1866ರಲ್ಲಿ ತೆರೆದ ಬಾಗಿಲು 1988ರಲ್ಲಿಯೂ ಪೂರ್ಣವಾಗಿ ತೆರೆದಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ನಾಟಕದ ಟಾಮನಿಗಾಗಿ ಮರುಗಿದ ಊರಿನ ಪರಿಸರದಲ್ಲೇ ನಿಜವಾದ ಸಭೆಯೊಂದರ ಮಾತು ಸಾಕ್ಷ್ಯವೆನಿಸಲಿಲ್ಲ. ಕಾದಂಬರಿಯನ್ನು ಮೆಚ್ಚುವುದು ಸುಲಭ, ಅದರ ಪ್ರಶ್ನೆಗೆ ಗುರಿಯಾಗುವುದು ಕಷ್ಟ.

ಆ ಪ್ರಶ್ನೆ ನಮ್ಮ ಬಾಗಿಲಿಗೂ ಬರುತ್ತದೆ. ಇಬ್ಬರು ಮೂವರು ಸಾಕ್ಷಿಗಳ ವಿಧಿಯನ್ನು ಹೊಸ ಒಡಂಬಡಿಕೆ ಸಭೆಯ ಶಿಸ್ತಿಗೂ ಅನ್ವಯಿಸುತ್ತದೆ (ಮತ್ತಾಯ 18:16, 1 ತಿಮೊಥೆಯ 5:19). ಹಿರಿಯನೊಬ್ಬನ ಮೇಲೆ ದೂರು ಬಂದಾಗ ಈ ವಚನಗಳನ್ನು ನಾವು ಕೂಡಲೇ ನೆನೆಯುತ್ತೇವೆ. ದೂರು ತಂದವಳು ಬಡವಳೂ ಒಬ್ಬಂಟಿಯೂ ಆಗಿದ್ದರೆ ಎರಡನೆಯ ಸಾಕ್ಷಿಯೆಲ್ಲಿ ಎಂದು ಕೇಳಿ ಕಡತವನ್ನು ಮುಚ್ಚುತ್ತೇವೆ. ದೂರು ಕೆಳಗಿನವನ ಮೇಲಿದ್ದರೆ ಇಬ್ಬರು ಪ್ರತಿಷ್ಠಿತರ ಮಾತು ಸಾಕಾಗುತ್ತದೆ. ಆದರೆ ಅದೇ ತಿಮೊಥೆಯನ ಪತ್ರಿಕೆ ಎರಡು ವಚನಗಳ ನಂತರ ಪಕ್ಷಪಾತದಿಂದ ಏನನ್ನೂ ಮಾಡಬಾರದೆಂದು ದೇವರ ಮುಂದೆ ಆಣೆಯಿಟ್ಟು ಹೇಳುತ್ತದೆ (5:21). ಎಣಿಕೆಯ ವಿಧಿಯನ್ನು ವಿಚಾರಣೆಯ ವಿಧಿಯಿಂದ ಬೇರ್ಪಡಿಸಲು ನಮಗೆ ಅಪ್ಪಣೆಯಿಲ್ಲ.

ನ್ಯಾಯಾಧೀಶ ಹಾರ್ಟನ್ ಮಾಡಿದ್ದು ಅಸಾಧಾರಣವಾದ ಪವಾಡವೇನಲ್ಲ. ಹೇಳಿಕೆಯನ್ನು ಓದಿದರು, ಇನ್ನೊಂದರೊಂದಿಗೆ ಹೋಲಿಸಿದರು, ಕಂಡದ್ದನ್ನು ಬರೆದರು, ಅದರ ಬೆಲೆಯನ್ನು ತೆತ್ತರು. ಸಭಾಪಾಲನೆಗೆ ಸಿದ್ಧರಾಗುತ್ತಿರುವವರಿಂದಲೂ ಕರ್ತನು ಅಪೇಕ್ಷಿಸುವುದು ಅಷ್ಟೇ. ಆತನೂ ಒಂದು ವಿಚಾರಣೆಗೆ ಗುರಿಯಾದವನು. ಆತನ ವಿರುದ್ಧ ಹೇಳಿದವರ ಸಾಕ್ಷಿಗಳು ಒಂದಕ್ಕೊಂದು ಹೊಂದಲಿಲ್ಲವೆಂದು ಮಾರ್ಕನು ದಾಖಲಿಸಿದ್ದಾನೆ (14:56), ಹೊಂದದಿದ್ದರೂ ತೀರ್ಪು ನಿಲ್ಲಲಿಲ್ಲವೆಂಬುದನ್ನೂ ದಾಖಲಿಸಿದ್ದಾನೆ. ಆತನಿಗೆ ಸಾಕ್ಷಿಗಳಾಗಲು ಕರೆಹೊಂದಿದವರು ಸತ್ಯವೇದದ ಮೇಲೆ ಕೈಯಿಡಲಾರದವನ ಕೈಯನ್ನು ನೋಡಲು ಮೊದಲು ಕಲಿಯಬೇಕು.